ನಾಲ್ಕನೇ ಡಿಶ್ಶಿನ ನಲವತ್ತೆರಡು ನಿಮಿಷ

ಗಡಿಯಾರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಈಗ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆಂಟು ವರ್ಷದಿಂದ ಒಂದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಕೊರಳಿಗೆ ಟೈಮರ್ ನೇತುಹಾಕಿಕೊಂಡು, ಅಂಗೈಯಗಲದ ಡಿಶ್ಶುಗಳಲ್ಲಿ ಜೀವಕೋಶಗಳನ್ನು ಸಾಕುತ್ತಿದ್ದ. ದಿನ ಬಿಟ್ಟು ದಿನ ಗುಲಾಬಿ ಬಣ್ಣದ ದ್ರವ ಉಣಿಸುವುದು, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುವುದು, ಇಷ್ಟೆಲ್ಲ ಮುದ್ದು ಮಾಡಿ ಬೆಳೆಸಿದ ಮೇಲೆ, ಹೇಳಿದ ನಿಮಿಷಕ್ಕೆ ಸರಿಯಾಗಿ ಕೊರೆಯುವ ಮೆಥನಾಲ್ ಸುರಿದು ಆ ಕ್ಷಣದ ರೂಪ ಕೆಡದಂತೆ ಇದ್ದಲ್ಲೇ ಮುಗಿಸಿಬಿಡುವುದು. ಒಂದು ಗಂಟೆಗೆ ಎಂದರೆ ಒಂದು ಗಂಟೆಗೇ. ಹನ್ನೆರಡು ಐವತ್ತೊಂಬತ್ತಕ್ಕೂ ಇಲ್ಲ, ಒಂದು ಗಂಟೆ ಒಂದು ನಿಮಿಷಕ್ಕೂ ಇಲ್ಲ. ಹಾಗಾಗಿ ಗಡಿಯಾರಣ್ಣ.

ಬೀದಿಯಲ್ಲಿ ಯಾರಾದರೂ "ಏನು ಕೆಲಸ?" ಎಂದು ಕೇಳಿದರೆ ಗಂಟಲು ಸರಿಮಾಡಿಕೊಂಡು "ಜೀವಕೋಶಗಳು ಹೇಗೆ ವಿಭಜನೆ ಆಗುತ್ತವೆ ಅಂತ ಸಂಶೋಧನೆ" ಎನ್ನುತ್ತಿದ್ದ. ಸಂಶೋಧನೆ ಮಾಡುತ್ತಿದ್ದವರು ಬೇರೆಯವರು. ಇವನದು ತೊಳೆಯುವುದು, ಉಣಿಸುವುದು, ಸುರಿಯುವುದು. ಅದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಪದವನ್ನು ಬಿಟ್ಟುಕೊಡಲು ಮನಸ್ಸಾಗುತ್ತಿರಲಿಲ್ಲ. ಮದುವೆಗೆ ಮುಂಚೆ ಹೆಂಡತಿಗೂ ಹಾಗೇ ಹೇಳಿದ್ದ. ಆಮೇಲೊಂದು ದಿನ ಅವಳು ಲ್ಯಾಬಿಗೆ ಬಂದು ನೋಡಿದರೆ, ಮೊಣಕೈವರೆಗೆ ನೊರೆ ಮೆತ್ತಿಕೊಂಡು ಬಾಟಲಿ ತಿಕ್ಕುತ್ತಿದ್ದ. "ಸಂಶೋಧನೆ ಜೋರಾಗಿದೆ," ಎಂದಳು ಅವಳು. ಅಷ್ಟೇ. ಅದಾಗಿ ಇಪ್ಪತ್ತಮೂರು ವರ್ಷವಾದರೂ ಅವನಿಗೆ ಆ ನೊರೆ ಇನ್ನೂ ಕೈಯಲ್ಲೇ ಇದ್ದ ಹಾಗಿತ್ತು.

ಕೆಲಸವೇನೋ ದೊಡ್ಡದೇ. ಒಂದು ಜೀವಕೋಶ ಎರಡಾಗುವ ಮುಂಚೆ ತನ್ನೊಳಗೆ ಸಣ್ಣ ನೂಲುಗಳನ್ನು ಹರಡಿಕೊಳ್ಳುತ್ತದೆ. ಆ ನೂಲು ಕ್ರೋಮೋಸೋಮುಗಳೆಂಬ ವಂಶದ ಗಂಟನ್ನು ಎರಡು ಸಮಪಾಲು ಮಾಡಿ ಆಚೆಗೊಂದು ಈಚೆಗೊಂದು ಎಳೆದಿಡುತ್ತದೆ. ಇದೆಲ್ಲ ಹೇಗೆ ನಡೆಯುತ್ತದೆ ಎಂದು ತಿಳಿಯಲು ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರು ಹಿಡಿದಿದ್ದ ದಾರಿ ಅಡ್ಡಗಾಲು ಹಾಕುವ ದಾರಿ. ತೀರಾ ಸಣ್ಣದೊಂದು ಅಣುವನ್ನು ಡಿಶ್ಶಿಗೆ ಬಿಡಬೇಕು. ಅದು ಕೋಶದೊಳಗೆ ನುಗ್ಗಿ ಯಾವುದೋ ಒಂದು ಕೀಲನ್ನು ಹಿಡಿದುಕೊಳ್ಳುತ್ತದೆ. ಕೆಲಸ ಎಲ್ಲಿ ನಿಂತಿತು ಎಂದು ನೋಡಿದರೆ ಆ ಕೀಲಿನ ಕೆಲಸ ಏನೆಂದು ಗೊತ್ತಾಗುತ್ತದೆ. ಅಣುವನ್ನು ತೊಳೆದು ತೆಗೆದರೆ ಕೋಶ ಮತ್ತೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಇದನ್ನು ಒಂದು ದಿನ ಹೆಂಡತಿಗೆ ವಿವರಿಸಿದ. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು, ನೂಲಿನ ಮಾತು ಬೇಗ ತಿಳಿಯಿತು. "ಪಾಲಾಗೋಕೆ ಎಷ್ಟು ಹೊತ್ತು ಬೇಕು ಅದಕ್ಕೆ?" ಎಂದು ಕೇಳಿದಳು.

"ಒಂದು ಗಂಟೆ. ಹೆಚ್ಚಂದ್ರೆ ಒಂದೂವರೆ."

"ಕಣ್ಣಿಗೆ ಕಾಣದ ಪ್ರಾಣಿ ಒಂದು ಗಂಟೇಲಿ ಪಾಲಾಗತ್ತೆ. ನೀವು ಅಣ್ಣ ತಮ್ಮ ಸೇರಿ ನಿಮ್ಮಪ್ಪನ ಒಂದು ಬೀರು ಪಾಲು ಮಾಡ್ಕೊಳ್ಳೋಕೆ ಹನ್ನೊಂದು ವರ್ಷ ಸಾಲಲಿಲ್ಲ."

ಬೀರು ಅಣ್ಣನ ಮನೆಯಲ್ಲಿತ್ತು. ಅದರ ಬೀಗದ ಕೈ ಇವನ ಮನೆಯಲ್ಲಿತ್ತು. ಅಡ್ಡಗಾಲು ಹಾಕುವ ವಿದ್ಯೆಗೆ ಅಣು ಬೇಕೆಂದೇನೂ ಇರಲಿಲ್ಲ.

ಲ್ಯಾಬಿನಲ್ಲಿ ಗಡಿಯಾರಣ್ಣನಿಗೆ ಎರಡು ಹೆಮ್ಮೆ. ಒಂದು ಅವನ ಕೈಗುಣ: ಬೇರೆಯವರ ಕೈಯಲ್ಲಿ ಬಾಡುವ ಕೋಶಗಳು ಇವನ ಕೈಯಲ್ಲಿ ನಳನಳಿಸುತ್ತವೆ ಎಂಬ ಮಾತು ಕಟ್ಟಡದಲ್ಲೆಲ್ಲ ಇತ್ತು. ಇನ್ನೊಂದು ಅವನ ದಿನಚರಿ ಪುಸ್ತಕ. ಯಾವ ಡಿಶ್ಶಿಗೆ ಯಾವ ಗಂಟೆಗೆ ಏನು ಮಾಡಿದೆ ಎಂದು ಬರೆಯುವ ಆ ಪುಸ್ತಕದಲ್ಲಿ ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಕಾಟು ಗೆರೆ ಇರಲಿಲ್ಲ. ಹೊಸಬರು ಬಂದರೆ ಪುಸ್ತಕ ತೆಗೆದು ತೋರಿಸುತ್ತಿದ್ದ. ಅವರು ನೋಡದೆ ಹೋದರೆ ಹಿಂದೆಯೇ ಹೋಗಿ ತೋರಿಸುತ್ತಿದ್ದ.

ಹಾಗೆ ಬಂದು ಪುಸ್ತಕ ನೋಡಿದವರಲ್ಲಿ ಒಬ್ಬಳು, ಡಾಕ್ಟರೇಟಿಗೆಂದು ಸೇರಿದ್ದ ಹುಡುಗಿ. ನಾಲ್ಕು ವರ್ಷದ ಹಿಂದೆ ಬಂದಾಗ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಡಿಶ್ಶಿಗೆ ಬೀಳಬೇಕಾದ ಹನಿ ಮೇಜಿಗೆ ಬೀಳುತ್ತಿತ್ತು. ಗಡಿಯಾರಣ್ಣ ಒಂದು ತಿಂಗಳು ಅವಳನ್ನು ಕೂರಿಸಿ ಹನಿ ಬಿಡುವ ಪಿಪೆಟ್ಟಿನಿಂದ ಬರೀ ಬಣ್ಣದ ನೀರು ಹಾಕಿಸಿದ. "ಡಾಕ್ಟರಮ್ಮ, ಉಸಿರು ಬಿಟ್ಟು ಆಮೇಲೆ ಒತ್ತು," ಎನ್ನುತ್ತಿದ್ದ. ಇನ್ನೂ ಡಾಕ್ಟರಾಗದವಳನ್ನು ಮುಂಗಡವಾಗಿ ಹಾಗೆ ಕರೆಯುವುದು ಅವನ ತಮಾಷೆ. ಅದೇ ಹೆಸರು ನಿಂತುಹೋಯಿತು. ಪಕ್ಕದ ಕಟ್ಟಡದವರು ಮಾಡಿಕೊಟ್ಟ ನಲವತ್ತು ಹೊಸ ಅಣುಗಳಲ್ಲಿ ಯಾವುದು ಕೋಶವನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ನೋಡುವುದು ಅವಳ ಕೆಲಸ. ನಾಲ್ಕು ವರ್ಷದಲ್ಲಿ ಹದಿನಾರು ನೋಡಿ ಮುಗಿದಿತ್ತು. ಹೇಳಿಕೊಳ್ಳುವಂಥದ್ದು ಒಂದೂ ಸಿಕ್ಕಿರಲಿಲ್ಲ, ಕೊಟ್ಟ ಅವಧಿಯಲ್ಲಿ ಉಳಿದದ್ದು ಒಂದು ವರ್ಷ.

ಹದಿನೇಳನೇ ಅಣುವಿನ ದಿನ ಅವಳಿಗೆ ಜ್ವರ. ಕೆಲಸ ಗಡಿಯಾರಣ್ಣನ ಪಾಲಿಗೆ ಬಂತು. ಒಟ್ಟು ನಾಲ್ಕು ಡಿಶ್. ಮೊದಲನೆಯದಕ್ಕೆ ಅಣುವಿಲ್ಲದ ಬರೀ ದ್ರಾವಣ, ಎರಡು ಮೂರಕ್ಕೆ ಹಳೆಯ ಅಣುಗಳು, ನಾಲ್ಕನೆಯದಕ್ಕೆ ಹದಿನೇಳು. ಬೆಳಿಗ್ಗೆ ಒಂಬತ್ತಕ್ಕೆ ಹನಿ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ. ಒಂದು ಗಂಟೆಗೆ ಮೆಥನಾಲ್ ಸುರಿಯಬೇಕು. ಹನ್ನೆರಡು ಗಂಟೆಯ ಸುಮಾರಿಗೆ ಹೊರತೆಗೆದು ಪಡಸಾಲೆಯ ಕೊನೆಯ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿದ. ಎಲ್ಲ ಸರಿಯಾಗಿತ್ತು.

ಡಿಶ್ ಒಯ್ಯುವ ಟ್ರೇಯಲ್ಲಿ ನಾಲ್ಕು ಕುಳಿ, ಒಂದು ಒಡೆದು ಎರಡು ವರ್ಷವಾಗಿತ್ತು. ಅದಕ್ಕೆ ಅಂಟು ಹಾಕಬೇಕಾದವನು ಯಾರು ಎಂದರೆ ಗಡಿಯಾರಣ್ಣನೇ. ಬೆಳಿಗ್ಗೆ ಫ್ರಿಜ್ಜಿಗಿಡಲು ಮರೆತ ಊಟದ ಡಬ್ಬಿಯೂ ಇನ್ನೊಂದು ಕೈಯಲ್ಲಿತ್ತು. ಮೂರು ಡಿಶ್ ಟ್ರೇಯಲ್ಲಿ, ನಾಲ್ಕನೆಯದು ಡಬ್ಬಿಯ ಮುಚ್ಚಳದ ಮೇಲೆ. ಟ್ರೇಯನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕುವಷ್ಟರಲ್ಲಿ ಅಣ್ಣನ ಫೋನು.

"ಬೀರು ಗೋಡೆ ಕಡೆ ವಾಲ್ತಾ ಇದೆ. ಯಾವತ್ತು ಬರ್ತೀಯ ನೋಡೋಕೆ?"

"ವಾಲೋವರೆಗೂ ಏನು ಮಾಡ್ತಿದ್ದೆ ನೀನು?" ಎಂದು ಶುರುಮಾಡಿದ ಗಡಿಯಾರಣ್ಣ. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಪಡಸಾಲೆಗೆ ಬಂದ, ಊಟದ ಫ್ರಿಜ್ ತೆಗೆದ, ಡಬ್ಬಿಯನ್ನು ಅದರ ತಲೆಯ ಮೇಲಿದ್ದದ್ದರ ಸಮೇತ ಒಳಗೆ ತಳ್ಳಿದ, ಬಾಗಿಲು ಹಾಕಿದ. ಆಗ ಗಂಟೆ ಹನ್ನೆರಡೂ ಹದಿನೈದು. ಆ ಬಾಗಿಲ ಮೇಲೆ ಒಂದು ಬೋರ್ಡು: "ಲ್ಯಾಬಿನ ವಸ್ತುಗಳನ್ನು ಇಲ್ಲಿ ಇಡಬಾರದು." ಆ ಅಕ್ಷರ ಗಡಿಯಾರಣ್ಣನದೇ.

ಸುರಿದ ಕೂಡಲೇ ಊಟಕ್ಕೆ ಕೂರಲು ಡಬ್ಬಿ ತೆಗೆದಿಡೋಣ ಎಂದು ಫ್ರಿಜ್ ತೆಗೆದಾಗ ಹನ್ನೆರಡು ಐವತ್ತೇಳು. ಡಬ್ಬಿಯ ಮೇಲೆ, ಮೊಸರಿನ ಪಾತ್ರೆಯ ಪಕ್ಕ, ನಾಲ್ಕನೇ ಡಿಶ್ ತಣ್ಣಗೆ ಕೂತಿತ್ತು. ಸುರಿಯಲು ಮೂರೇ ನಿಮಿಷ ಬಾಕಿ. ಓಡಿದ, ನಾಲ್ಕನ್ನೂ ಸಾಲಾಗಿ ಇಟ್ಟ, ಸರಿಯಾಗಿ ಒಂದು ಗಂಟೆಗೆ ಸುರಿದ. ಪುಸ್ತಕದಲ್ಲಿ ಬರೆಯಲು ಪೆನ್ನು ಹಿಡಿದ. ಹಿಂದಿನ ಪುಟಗಳೆಲ್ಲ ಎಷ್ಟು ಶುಭ್ರವಾಗಿದ್ದವು. ಮುಕ್ಕಾಲು ಗಂಟೆ ತಂಪಿನಲ್ಲಿದ್ದರೆ ಏನು ಪ್ರಳಯವಾಗುತ್ತದೆ, ಹೇಗೂ ಹದಿನೇಳೂ ಹಿಂದಿನ ಹದಿನಾರರ ಜಾತಿಯದೇ ಇರುತ್ತದೆ ಎಂದುಕೊಂಡು "ನಾಲ್ಕೂ ಸರಿ" ಎಂದು ದುಂಡಗೆ ಬರೆದ.

ಜ್ವರ ಬಿಟ್ಟು ಬಂದ ಡಾಕ್ಟರಮ್ಮ ಡಿಶ್ಶುಗಳಿಗೆ ಬಣ್ಣ ಕಟ್ಟಿ ನೋಡಿದಳು. ಮೊದಲ ಮೂರರಲ್ಲಿ ಹಸಿರು ನೂಲು ದೋಣಿಯ ಆಕಾರದಲ್ಲಿ ಹರಡಿತ್ತು. ನಾಲ್ಕನೆಯದರಲ್ಲಿ ನೂಲೇ ಇಲ್ಲ. ವಂಶದ ಗಂಟು ನಡುವೆ ಮುದ್ದೆಯಾಗಿ ಬಿದ್ದಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ನೋಡಿದರು.

"ಹದಿನೇಳು ನೂಲನ್ನೇ ಕರಗಿಸ್ತಿದೆ," ಎಂದರು. "ಯಾರು ಹಾಕಿದ್ದು ಇದನ್ನ?"

"ಗಡಿಯಾರಣ್ಣ."

"ಅದೇ ಮತ್ತೆ. ಕೈಗುಣ."

ಗಡಿಯಾರಣ್ಣ ತಲೆ ತಗ್ಗಿಸಿದ. ನೋಡಿದವರು ಅದನ್ನು ವಿನಯ ಎಂದುಕೊಂಡರು. ನಿಜ ಹೇಳಬೇಕೆಂದರೆ ಅವನಿಗೂ ಅದು ವಿನಯ ಎಂದೇ ಅನ್ನಿಸಿತು. ತಂಪಿನಿಂದ ಡಿಶ್ ಕೆಡಲಿಲ್ಲವಲ್ಲ, ಮೇಲಾಗಿ ಏನೋ ಸಿಕ್ಕಿತಲ್ಲ, ಇನ್ನೇನು ಬೇಕು! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹಾಲಿನ ರುಚಿ ಹೆಚ್ಚಲೆಂದೇ ಇರಬೇಕು.

ಮನೆಗೆ ಬಂದು "ನಾನು ಹಾಕಿದ ಡಿಶ್ಶಲ್ಲಿ ಹೊಸದೊಂದು ಕಾಣಿಸಿತು" ಎಂದ. ಹೊಲಿಗೆಗೆ ಬರುವವರ ಬಾಯಲ್ಲಿ ಅದು ಒಂದು ವಾರದಲ್ಲಿ "ಅವರ ಯಜಮಾನರು ಔಷಧಿ ಕಂಡುಹಿಡಿದರಂತೆ" ಎಂದಾಯಿತು. ರವಿಕೆ ಸಡಿಲಿಸಲು ಬಂದ ಮೂಲೆಮನೆಯ ಅಜ್ಜಿ "ಮಂಡಿ ನೋವಿಗೆ ಆಗತ್ತೇನಪ್ಪ ಅದು?" ಎಂದು ಕೇಳಿದಳು. ಇಲ್ಲ ಅನ್ನಬೇಕಿತ್ತು. "ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ ಅಜ್ಜಿ" ಎಂದ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಅವನನ್ನೇ ನೋಡಿದಳು. ಆ ನೋಟದಲ್ಲಿ ಇಪ್ಪತ್ತಮೂರು ವರ್ಷದ ನೊರೆ ಇರಲಿಲ್ಲ. ಆ ಒಂದು ನೋಟಕ್ಕಾಗಿಯಾದರೂ ಹದಿನೇಳು ನಿಜವಾಗಿರಲಿ ಎಂದು ಅವನಿಗೆ ಅನ್ನಿಸಿತು.

ಆದರೆ ಹದಿನೇಳು ಎರಡನೇ ಸಲ ಕೆಲಸ ಮಾಡಲಿಲ್ಲ. ಡಾಕ್ಟರಮ್ಮ ತಾನೇ ಹಾಕಿದಳು, ನೂಲು ಗಟ್ಟಿಮುಟ್ಟಾಗಿತ್ತು. ಮೂರನೇ ಸಲ, ನಾಲ್ಕನೇ ಸಲ. ಅಣುವಿನ ಹೊಸ ಬಾಟಲಿ ತರಿಸಿದಳು, ದ್ರಾವಣ ಬದಲಿಸಿದಳು, ಬೇರೆ ಜಾತಿಯ ಕೋಶ ಹಾಕಿ ನೋಡಿದಳು. ಐದು ತಿಂಗಳಲ್ಲಿ ಹನ್ನೊಂದು ಸಲ. ಹನ್ನೊಂದೂ ಸಲ ಕೋಶಗಳು ಏನೂ ಆಗದವರ ಹಾಗೆ ಒಡೆದು ಎರಡಾದವು. ಅವಳು ಎದುರಿಗೆ ಬಂದರೆ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಒಂದು ದಿನ ಟೀ ಹೊತ್ತಿನಲ್ಲಿ ಅವಳು ಲೋಟ ಮುಟ್ಟದೆ ಕೂತಿದ್ದಳು.

"ನನ್ನ ಕೈಯೇ ಸರಿ ಇಲ್ಲ ಅಣ್ಣ. ನಿಮ್ಮ ಕೈಲಿ ಆಗಿದ್ದು ನನ್ನ ಕೈಲಿ ಆಗ್ತಿಲ್ಲ ಅಂದ್ರೆ ಇನ್ನೇನು? ಬಿಟ್ಟುಬಿಡ್ತೀನಿ ಅಂತ ಕಾಗದ ಬರೆದಿಟ್ಟಿದೀನಿ. ಬ್ಯಾಗಲ್ಲೇ ಇದೆ."

"ಹುಚ್ಚು ಮಾತು. ಬಿಡೋದಂತೆ."

"ಮತ್ತೆ ಏನು ಮಾಡ್ಲಿ? ನೂಲು ಹಾಗೆ ಮಾಯ ಆಗಬೇಕಾದ್ರೆ ಇರೋದು ಎರಡು ದಾರಿ. ಒಂದು, ಅಂಥ ಅಣು ಬೀಳ್ಬೇಕು. ಇಲ್ಲ, ಚಳಿ ಆಗ್ಬೇಕು. ಚಳಿಗೆ ಸೆಲ್ಲಿನ ನೂಲು ತಾನಾಗೇ ಕರಗುತ್ತೆ, ಬೆಚ್ಚಗಾದ್ರೆ ಮತ್ತೆ ಬರುತ್ತೆ. ಅದು ಎಲ್ಲರಿಗೂ ಗೊತ್ತಿರೋದೇ. ನೀವು ಹಾಕಿದ ಡಿಶ್ಶಿಗೆ ಚಳಿ ಎಲ್ಲಿಂದ ಬರ್ಬೇಕು?"

ಎಲ್ಲರಿಗೂ ಗೊತ್ತಿರುವ ಅದು, ಇಪ್ಪತ್ತೆಂಟು ವರ್ಷ ಸಂಶೋಧನೆ ಮಾಡಿದ ಗಡಿಯಾರಣ್ಣನಿಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನ ಕೈ ತಾನಾಗಿ ಪಕ್ಕದಲ್ಲಿದ್ದ ಊಟದ ಡಬ್ಬಿಯ ಮೇಲೆ ಹೋಯಿತು. ಹೋದ ಕೈ ಸುಟ್ಟಂತೆ ಹಿಂದೆ ಬಂತು.

ಆವತ್ತೇ ಹೇಳಬೇಕಿತ್ತು. ಸೋಮವಾರ ಮೇಷ್ಟ್ರು ಊರಲ್ಲಿಲ್ಲ ಎಂದು ಸುಮ್ಮನಾದ. ಮಂಗಳವಾರ ಅವಳಿಗೆ ತಲೆನೋವು, ಪಾಪ ಯಾಕೆ ಎಂದು ಬಿಟ್ಟ. ಬುಧವಾರ ತಲೆನೋವು ಅವನಿಗೇ ಬಂತು. ಗುರುವಾರ ಹೇಳಲೆಂದೇ ಹೋಗಿ "ಟ್ರೇಗೆ ಅಂಟು ಹಾಕ್ಬೇಕು" ಎಂದು ಹೇಳಿ ವಾಪಸು ಬಂದ. ಅಂಟನ್ನೂ ಹಾಕಲಿಲ್ಲ. ನುಂಗಲಾರದ ಬಿಸಿತುಪ್ಪವನ್ನು ಬಾಯಲ್ಲಿಟ್ಟುಕೊಂಡೇ ನಾಲ್ಕು ದಿನ ಓಡಾಡಿದ.

ಶುಕ್ರವಾರ ಮೇಷ್ಟ್ರು ಕರೆಸಿದರು. "ನಾಳೆ ಹದಿನೇಳನ್ನ ನೀವೇ ಹಾಕಿ. ಆವತ್ತು ಏನೇನು ಮಾಡಿದ್ರೋ ಅದನ್ನೇ, ಒಂದು ಕೂದಲೂ ಆಚೀಚೆ ಆಗಬಾರದು. ಆ ಹುಡುಗಿ ಹತ್ತಿರ ಇರೋದು ಬೇಡ."

ಮರುದಿನ ಒಂಬತ್ತಕ್ಕೆ ಹನಿ ಹಾಕಿದ. ಹನ್ನೆರಡಕ್ಕೆ ತೆಗೆದು ನೋಡಿದ. ಹನ್ನೆರಡೂ ಹದಿನೈದಕ್ಕೆ ಅದೇ ಒಡಕು ಟ್ರೇ, ಅದೇ ಡಬ್ಬಿ, ಡಬ್ಬಿಯ ಮೇಲೆ ಅದೇ ನಾಲ್ಕನೇ ಡಿಶ್. ಮೂರನ್ನು ಒಳಗಿಟ್ಟು ಪಡಸಾಲೆಗೆ ಬಂದ. ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ದೀಪ ಹತ್ತಿಕೊಂಡಿತು.

ನಲವತ್ತೆರಡು ನಿಮಿಷ ಇಟ್ಟರೆ ಸಾಕು. ನೂಲು ಮಾಯವಾಗುತ್ತದೆ, ಮೇಷ್ಟ್ರ ಮುಖ ಅರಳುತ್ತದೆ, ಹುಡುಗಿ ಡಾಕ್ಟರಾಗುತ್ತಾಳೆ, ಲೇಖನದ ಕೆಳಗೆ ಇವನ ಹೆಸರೂ ಬರಬಹುದು, ಅಜ್ಜಿಯ ಮಂಡಿಯೂ ನಂಬಿಕೆಯ ಮೇಲೆ ಎರಡು ದಿನ ಹಗುರಾಗಬಹುದು. ಮೇಷ್ಟ್ರೇ ಹೇಳಿದ್ದಾರಲ್ಲ, ಆವತ್ತು ಮಾಡಿದ್ದನ್ನೇ ಮಾಡಿ ಅಂತ. ಅವನು ಮಾಡಿದರೆ ಅದು ಸುಳ್ಳೂ ಅಲ್ಲ. ಇಷ್ಟು ಸಲೀಸಾಗಿ ತನ್ನ ತಲೆ ಓಡಿದ್ದು ಯಾವ ಸಂಶೋಧನೆಯಲ್ಲೂ ಇಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಪಡಸಾಲೆಯ ಆ ತುದಿಯ ಬೆಂಚಿನ ಮೇಲೆ ಡಾಕ್ಟರಮ್ಮ ಒಬ್ಬಳೇ ಕೂತಿದ್ದಳು. ಲ್ಯಾಬಿನೊಳಗೆ ಬರಬೇಡ ಎಂದಿದ್ದಕ್ಕೆ ಅಲ್ಲಿ ಕೂತಿದ್ದಳು. ಬಲಗೈ ಮುಂದೆ ಚಾಚಿ, ಬೆರಳು ನಡುಗುತ್ತದೆಯೇ ಎಂದು ತಾನೇ ನೋಡಿಕೊಳ್ಳುತ್ತಿದ್ದಳು. ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ. ಆ ಕೈಯನ್ನು ಒಂದು ತಿಂಗಳು ಬಣ್ಣದ ನೀರಿನಲ್ಲಿ ಪಳಗಿಸಿದವನು ತಾನು. ಆ ಕೈ ಕೆಟ್ಟದ್ದೆಂದು ಈಗ ಅವಳನ್ನು ನಂಬಿಸಿದವನೂ ತಾನು. ಗಡಿಯಾರಣ್ಣನಿಗೆ ತನ್ನ ಮೇಲೆ ಅಸಹ್ಯವಾಯಿತು. ಫ್ರಿಜ್ಜಿನ ಬಾಗಿಲು ಹಾಕಿ, ಡಬ್ಬಿಯನ್ನು ಡಿಶ್ ಸಮೇತ ಎರಡೂ ಕೈಯಲ್ಲಿ ಹಿಡಿದು, ಹೋಗಿ ಅವಳ ಪಕ್ಕ ಬೆಂಚಿನ ಮೇಲಿಟ್ಟ.

"ಏನಣ್ಣ ಇದು?"

"ಆವತ್ತು ಹೀಗೇ ಇತ್ತು. ಹೀಗೇ ಫ್ರಿಜ್ಜಿನ ಒಳಗೆ ಹೋಯ್ತು."

ಅವಳು ಡಿಶ್ ನೋಡಿದಳು, ಡಬ್ಬಿ ನೋಡಿದಳು, ಆಮೇಲೆ ಅವನನ್ನು. "ಎಷ್ಟು ಹೊತ್ತು?"

"ನಲವತ್ತೆರಡು ನಿಮಿಷ. ಹನ್ನೆರಡೂ ಹದಿನೈದರಿಂದ ಹನ್ನೆರಡೂ ಐವತ್ತೇಳು."

"ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?"

"ಪುಸ್ತಕ ಚೆನ್ನಾಗಿತ್ತು," ಎಂದ. ಬೇರೆ ಕಾರಣ ಹುಡುಕಿದ, ಇರಲಿಲ್ಲ.

"ಐದು ತಿಂಗಳು ಅಣ್ಣ," ಎಂದಳು. ಎದ್ದು ಡಿಶ್ ತೆಗೆದುಕೊಂಡು ಒಳಗೆ ಹೋದಳು. ಡಬ್ಬಿ ಅಲ್ಲೇ ಉಳಿಯಿತು. ಮೇಷ್ಟ್ರು ವಿಷಯ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿದರು. "ಅಂತೂ ಇಷ್ಟು ದಿನ ನಾವು ನಿಮ್ಮ ಮೊಸರಿನ ಮೇಲೆ ಸಂಶೋಧನೆ ಮಾಡಿದ್ವಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪುಸ್ತಕದ ಆ ಪುಟ ತೆಗೆದು "ನಾಲ್ಕೂ ಸರಿ" ಎಂಬುದರ ಮೇಲೆ ಗೆರೆ ಎಳೆದ. ಪಕ್ಕದಲ್ಲಿ ನಡೆದದ್ದನ್ನು ಬರೆದು ಆ ದಿನದ ತಾರೀಕು ಹಾಕಿದ. ಇಪ್ಪತ್ತೆಂಟು ವರ್ಷದ ಮೊದಲ ಕಾಟು. ಹಾಕಿದ ಮೇಲೆ ನೋಡಿದರೆ ಪುಟವೇನೂ ಅಷ್ಟು ಅಸಹ್ಯವಾಗಿ ಕಾಣಲಿಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಒಂದೇ ವಾರದಲ್ಲಿ ಎರಡು ಸಲ ಧೈರ್ಯ ಮಾಡುವ ಅಭ್ಯಾಸ ಅವನಿಗಿರಲಿಲ್ಲ.

ಡಾಕ್ಟರಮ್ಮ ಹತ್ತೊಂಬತ್ತು ದಿನ ಅವನನ್ನು "ಸರ್" ಎಂದು ಕರೆದಳು. ಪ್ರತಿ "ಸರ್"ಗೂ ಒಂದು ಏಟು ಬಿದ್ದ ಹಾಗಾಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಡಿಶ್ ತೊಳೆದ. ಟ್ರೇಯ ಕುಳಿಗೆ ಅಂಟು ಹಾಕಿದ. ಇಪ್ಪತ್ತನೇ ದಿನ ಅವಳು ಬಾಗಿಲಲ್ಲಿ ನಿಂತು "ಅಣ್ಣ, ಬನ್ನಿ ಇಲ್ಲಿ. ಡಬ್ಬಿ ತನ್ನಿ," ಎಂದಳು.

ತಪ್ಪು ಚಳಿಯದೇ ಎಂದು ಸಾಬೀತು ಮಾಡಬೇಕಿತ್ತು. ಅಣುವಿಲ್ಲದ ಎರಡು ಡಿಶ್ಶನ್ನು ಅದೇ ಫ್ರಿಜ್ಜಿನಲ್ಲಿ, ಅದೇ ಡಬ್ಬಿಯ ಮೇಲೆ ನಲವತ್ತೆರಡು ನಿಮಿಷ ಇಟ್ಟರು. ಒಂದಕ್ಕೆ ಮೆಥನಾಲ್ ಸುರಿದು ನೋಡಿದರೆ ನೂಲಿಲ್ಲ. ಇನ್ನೊಂದನ್ನು ಅವಳು ಕೊಲ್ಲಲಿಲ್ಲ. ಬೆಚ್ಚಗಿನ ಪೀಠವಿರುವ ದೊಡ್ಡ ಮೈಕ್ರೋಸ್ಕೋಪಿನ ಕೆಳಗಿಟ್ಟು, ನೂಲು ಹಸಿರಾಗಿ ಹೊಳೆಯುವಂತೆ ಮಾಡಿದ್ದ ಒಂದು ಜೀವಂತ ಕೋಶವನ್ನು ಪರದೆಗೆ ತಂದು, "ಕೂತ್ಕೊಳ್ಳಿ" ಎಂದಳು.

ಮೊದಲು ಬರೀ ಕತ್ತಲು. ಬಿಸಿ ತಾಗಿದ ಸ್ವಲ್ಪ ಹೊತ್ತಿಗೆ ಎರಡು ಕಡೆಯಿಂದ ಹಸಿರು ಎಳೆ ಚಿಗುರಿತು. ಎಳೆಗಳು ನಡುವಿನ ಮುದ್ದೆಯನ್ನು ತಡಕಿದವು, ಹಿಡಿದವು, ಅತ್ತಿತ್ತ ಎಳೆದಾಡಿ ನಡುಗೆರೆಗೆ ತಂದು ನಿಲ್ಲಿಸಿದವು. ಬಹಳ ಹೊತ್ತು ಹಾಗೇ ನಿಂತಿತು. ಆಮೇಲೆ ಗಂಟು ಎರಡಾಗಿ ಬೇರೆಯಾಯಿತು. ಕೋಶದ ಸೊಂಟ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಒಂದಿದ್ದದ್ದು ಎರಡಾಗಿ ಪಕ್ಕ ಪಕ್ಕದಲ್ಲಿ ಮೈಚಾಚಿದವು. ಗಡಿಯಾರಣ್ಣ ಕೊರಳ ಟೈಮರಿನ ಕಡೆ ಒಮ್ಮೆಯೂ ನೋಡಿರಲಿಲ್ಲ.

"ಇದಕ್ಕೆ ಮುಂಚೆ ಒಂದನ್ನೂ ಕೊನೆವರೆಗೂ ನೋಡಿಲ್ವಾ ಅಣ್ಣ?"

"ಎಲ್ಲಿಂದ ನೋಡ್ಲಿ? ನಡುವೆ ನಾನೇ ಸುರೀತಿದ್ನಲ್ಲ."

ಅವನಿಗೆ ಕಣ್ಣು ತುಂಬಿ ಬಂತು. ಮೆಥನಾಲಿನ ಘಾಟು ಎನ್ನೋಣವೆಂದರೆ ಆ ಕೋಣೆಯಲ್ಲಿ ಮೆಥನಾಲ್ ಇರಲಿಲ್ಲ. "ನೀನು ಹಾಕಿದ ಹನ್ನೊಂದು ಸಲವೂ ಸರಿ ಇತ್ತು ಡಾಕ್ಟರಮ್ಮ. ಸರಿ ಇಲ್ಲದ್ದು ನಂದೊಂದೇ."

"ಗೊತ್ತು," ಎಂದಳು ಅವಳು. ಬ್ಯಾಗಿನಿಂದ ಮಡಿಸಿದ ಆ ಕಾಗದ ತೆಗೆದು, ಅದರ ಹಿಂಬದಿಯಲ್ಲಿ ಚಿತ್ರದ ನಂಬರು ಬರೆದುಕೊಂಡಳು.

ಅವಧಿ ಆರು ತಿಂಗಳು ಮುಂದಕ್ಕೆ ಹೋಯಿತು. ಇಪ್ಪತ್ತೆರಡನೇ ಅಣು ಕೋಶವನ್ನು ಕೊನೆಯ ಹಂತದಲ್ಲಿ, ಸೊಂಟ ಸಣ್ಣಗಾಗುವ ಮುಂಚೆ, ನಿಲ್ಲಿಸಿತು; ಅವಳ ಕೈಯಲ್ಲಿ ಆರು ಸಲ ನಿಲ್ಲಿಸಿತು. ಹದಿನೇಳು ಏನೂ ಮಾಡುವುದಿಲ್ಲ ಎಂದೂ ಪ್ರಬಂಧದಲ್ಲಿ ಬರೆದಳು. ಅದರ ಕೆಳಗೆ ಒಂದು ಸಾಲು: "ಕೈತಪ್ಪಿನಿಂದ ನಲವತ್ತೆರಡು ನಿಮಿಷ ತಂಪಿನಲ್ಲಿದ್ದ ನಾಲ್ಕನೇ ಡಿಶ್ಶನ್ನು ಎಣಿಕೆಯಿಂದ ಬಿಡಲಾಗಿದೆ." ಯಾರ ಕೈತಪ್ಪು ಎಂದು ಇರಲಿಲ್ಲ.

ಅವಳ ಕೊನೆಯ ಪರೀಕ್ಷೆ ಎಲ್ಲರೆದುರಿಗೆ ನಡೆಯುವಂಥದ್ದು. ಅವಳೇ ಮನೆಗೆ ಬಂದು ಗಡಿಯಾರಣ್ಣನ ಹೆಂಡತಿಯನ್ನು ಕರೆದಿದ್ದಳು. ಹೆಂಡತಿ ಹೊಸದಾಗಿ ಹೊಲಿದುಕೊಂಡ ಬಟ್ಟೆ ಹಾಕಿಕೊಂಡು, ಮೂಲೆಮನೆಯ ಅಜ್ಜಿಯನ್ನೂ ಕರೆದುಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತಳು. ಗಂಡನ ಔಷಧಿಯ ವಿಷಯ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದಳು. ಗಡಿಯಾರಣ್ಣ ಅವಳ ಪಕ್ಕ ಬೆವರುತ್ತಾ ಕೂತಿದ್ದ.

ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದ ಹೆಂಗಸು. ಪುಟ ತಿರುವುತ್ತಾ ಆ ಸಾಲಿನ ಮೇಲೆ ಬೆರಳಿಟ್ಟರು. "ನಿಮ್ಮ ಈ ನಾಲ್ಕನೇ ಡಿಶ್. ಆವತ್ತಿನ ಪುಸ್ತಕದಲ್ಲಿ 'ಸರಿ' ಅಂತಿದೆ, ತಪ್ಪಾಯ್ತು ಅಂತ ಬರೆದಿರೋದು ಐದು ತಿಂಗಳ ಮೇಲೆ. ಬೇಡದ ಫಲಿತಾಂಶ ಬಂದ್ರೆ ಹೀಗೊಂದು ಕಥೆ ಕಟ್ಟಿ ತೆಗೆದುಹಾಕೋದು ಕಷ್ಟ ಅಲ್ಲ. ನಾನು ಇದನ್ನ ಹೇಗೆ ನಂಬ್ಲಿ? ಯಾರ ಕೈತಪ್ಪು ಇದು?"

"ನಮ್ಮದು ಮೇಡಂ," ಎಂದಳು ಡಾಕ್ಟರಮ್ಮ.

"ನಮ್ಮದು ಅಂದ್ರೆ ಯಾರದು?"

ಅವಳು ಮೂರನೇ ಸಾಲಿನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ, ಅದು ಗಡಿಯಾರಣ್ಣನಿಗೆ ಕಂಡಿತು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮೂರನೇ ಸಾಲಿನ ಕುರ್ಚಿಯೊಂದು ದಡಕ್ಕೆಂದು ಮಡಿಚಿಕೊಂಡಿತು. ಇಪ್ಪತ್ತೆಂಟು ವರ್ಷದಲ್ಲಿ ಆ ಸಭಾಂಗಣದಲ್ಲಿ ಗಡಿಯಾರಣ್ಣ ಕುರ್ಚಿ ಒರೆಸಿದ್ದ, ನೀರಿನ ಲೋಟ ಇಟ್ಟಿದ್ದ, ಮಾತಾಡಿರಲಿಲ್ಲ.

"ನಂದು ಮೇಡಂ."

"ನೀವು ಯಾರು?"

ಅವನು ಗಂಟಲು ಸರಿಮಾಡಿಕೊಂಡ. ಆ ಹಳೆಯ ಪದ ನಾಲಿಗೆಯ ತುದಿಗೆ ಬಂದು ನಿಂತಿತ್ತು. "ಡಿಶ್ ತೊಳೆಯೋನು ಮೇಡಂ. ಸೆಲ್ಲಿಗೆ ಊಟ ಹಾಕೋನು. ಫೋನಲ್ಲಿ ಮಾತಾಡ್ತಾ ಊಟದ ಡಬ್ಬಿ ಜೊತೆ ಆ ಡಿಶ್ಶನ್ನೂ ಫ್ರಿಜ್ಜಲ್ಲಿ ಇಟ್ಟುಬಿಟ್ಟೆ. ಮೇಲಿಂದ ಎರಡನೇ ಖಾನೆ, ಮೊಸರಿನ ಪಕ್ಕ. ನಲವತ್ತೆರಡು ನಿಮಿಷ. ಹೆದರಿ ಬರೀಲಿಲ್ಲ. ಔಷಧಿ ಅಂತ ಏನೂ ಇಲ್ಲ." ಕೊನೆಯ ಮಾತು ಪರೀಕ್ಷಕರಿಗೆ ಹೇಳಿದ್ದಲ್ಲ.

ಸಭೆ ನಕ್ಕಿತು. ಪರೀಕ್ಷಕರು ನಗಲಿಲ್ಲ. "ಐದು ತಿಂಗಳ ಮೇಲೂ ನಲವತ್ತೆರಡೇ ಅಂತ ಹೇಗೆ ಹೇಳ್ತೀರಿ? ನಲವತ್ತು ಇರಬಹುದಲ್ಲ?"

ಹಿಂದಿನ ಸಾಲಿನ ಯಾರೋ "ಮೇಡಂ, ಅವರು ನಲವತ್ತೆರಡು ಅಂದ್ರೆ ನಲವತ್ತೆರಡೇ," ಎಂದರು. ಸಾಲಿಗೆ ಸಾಲೇ ತಲೆಯಾಡಿಸಿತು, ಮೇಷ್ಟ್ರೂ ಆಡಿಸಿದರು. ಪರೀಕ್ಷಕರು ಗಡಿಯಾರಣ್ಣನ ಕೊರಳಲ್ಲಿದ್ದ ಟೈಮರನ್ನು ಒಂದು ಗಳಿಗೆ ನೋಡಿ, ಏನೋ ಬರೆದುಕೊಂಡು, ಪುಟ ತಿರುಗಿಸಿದರು. ಒಂದು ಗಂಟೆಯ ನಂತರ ಡಾಕ್ಟರಮ್ಮ ನಿಜವಾಗಿ ಡಾಕ್ಟರಾದಳು.

ಮೂವರೂ ಮನೆಗೆ ಹೊರಟರು. ಅಜ್ಜಿ ಒಂದೇ ಮಾತು ಕೇಳಿದಳು: "ಹಂಗಾದ್ರೆ ನನ್ನ ಮಂಡಿಗೆ ಏನೂ ಇಲ್ಲ ಅನ್ನು." ಇಲ್ಲ ಅಜ್ಜಿ ಎಂದ. ಅವಳನ್ನು ಮನೆ ಮುಟ್ಟಿಸಿ ತಮ್ಮ ಬಾಗಿಲಿಗೆ ಬಂದರು. ಹೆಂಡತಿ ಬೀಗದ ಕೈ ಹುಡುಕುತ್ತಾ ನಿಂತಳು. ಬೀದಿಗೆಲ್ಲ ಅವಳ ಮುಖ ಸಣ್ಣದು ಮಾಡಿದೆನಲ್ಲ ಎಂದು ಗಡಿಯಾರಣ್ಣ ಕಾಲು ಬೆರಳು ನೋಡುತ್ತಿದ್ದ.

"ಖಾನೆ ಹೇಳಿದ್ರಿ, ಮೊಸರು ಹೇಳಿದ್ರಿ, ನಿಮಿಷ ಹೇಳಿದ್ರಿ," ಎಂದಳು ಅವಳು. "ಕೆಟ್ಟುಹೋಗತ್ತೆ, ಡಬ್ಬಿ ಫ್ರಿಜ್ಜಲ್ಲಿಡಿ ಅಂತ ದಿನಾ ಬಡ್ಕೊಂಡವಳು ನಾನು. ಅದೊಂದು ಹೇಳ್ಲಿಲ್ಲ. ಆ ಹುಡುಗಿ ಸರಿಯಾಗೇ ಅಂದ್ಲು, ನಮ್ಮದು ಅಂತ."

ಅವನು ತಲೆಯೆತ್ತಿ ನೋಡಿದ. ಅವಳು ಅಷ್ಟಕ್ಕೇ ಬಿಡಲಿಲ್ಲ.

"ಫೋನ್ ಮಾಡಿದ್ದು ನಿಮ್ಮಣ್ಣ. ಅವರದೂ ಒಂದು ಪಾಲು. ಹೇಳ್ಬಿಡಿ ಅವರಿಗೆ."

ಗಡಿಯಾರಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದ. ತಪ್ಪಿನ ಪಾಲು ಹಂಚಿ ಮುಗಿಸಲು ಆರು ನಿಮಿಷ ಹಿಡಿಯಿತು. ಬೀರಿನ ಮಾತು ಬಂದಾಗ ಮಾತ್ರ ಅಣ್ಣ, ಅದನ್ನು ಇನ್ನೊಂದು ದಿನ ನೋಡೋಣ ಎಂದ.